ಎರಡನೇ ಗೇಟು, ಮೊದಲ ಪಾಳಿ

ಐದೂ ಮುಕ್ಕಾಲಿಗೆ ಕಂಪನಿ ಬಸ್ಸು
ವೇಮಗಲ್ಲಿನ ಮಂಜಿನೊಳಗೆ ಅರವತ್ತು ಬಾಯಿ ಇಳಿಸುತ್ತದೆ.
ಒಂದೊಂದಕ್ಕೂ ಹೊಸ ನಳಿಗೆ ಸಿಕ್ಕಿಸಿ
'ಊದು' ಅನ್ನುತ್ತೇನೆ. 'ಇನ್ನೂ, ಇನ್ನೂ, ಸಾಕು.'
ಹಸಿ ಸೌದೆಗೆ ಊದುಗೊಳವೆ ಹಿಡಿದು ಕಣ್ಣು ಕೆಂಪಾದವಳು,
ಈಗ ಊರವರ ಕೈಲಿ ಊದಿಸುತ್ತೇನೆ.

ಉಸಿರಿಗೆ ಎಷ್ಟು ಬಗೆ ಗೊತ್ತಾ?
ರಾತ್ರಿಯ ಬಸ್ಸಾರಿನ ಬೆಳ್ಳುಳ್ಳಿ, ಹಲ್ಲುಪುಡಿ, ಹೊಗೆಸೊಪ್ಪು,
ಶನಿವಾರದ ಒಪ್ಪೊತ್ತಿನವರ ಖಾಲಿ ಹೊಟ್ಟೆಯ ಹುಳಿ.
ಪೇಂಟ್ ಸೆಕ್ಷನ್ನಿನ ಮುನಿಯಲ್ಲಪ್ಪ ಬಾಯಿ ತೆರೆದರೆ ಲವಂಗ;
ಲವಂಗದ ಹಿಂದೆ ರಾತ್ರಿ ಏನಿತ್ತೆಂದು
ಯಂತ್ರಕ್ಕೆ ತಿಳಿಯದಿದ್ದರೂ ನನಗೆ ತಿಳಿಯುತ್ತದೆ.
ಹನ್ನೊಂದು ವರ್ಷ ಒಬ್ಬನ ಪಕ್ಕ ಮಲಗಿ ಕಲಿತ ವಿದ್ಯೆ.
ಅದಕ್ಕೆ ಕಂಪನಿಯಲ್ಲಿ ಸಂಬಳವಿಲ್ಲ.

ಬುಧವಾರ ರೆಡ್ಡೆಪ್ಪ ಊದಿದ.
ಫೋರ್ಕ್‌ಲಿಫ್ಟ್ ಓಡಿಸುವವನು, ಶ್ರೀನಿವಾಸಪುರದ ಕಡೆಯವನು.
ಕೆಂಪು ದೀಪ. ಕೀರಲು ಸದ್ದು. ಸೊನ್ನೆ ಚುಕ್ಕಿ ಸೊನ್ನೆ ನಾಲ್ಕು.
ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು.
ಯಾರೋ ನಕ್ಕರು: 'ಏನಪ್ಪಾ, ಕೋಳಿ ಕೂಗೋ ಮುಂಚೇನೇ?'

ಪಾಕೆಟ್ ಸಾರಾಯಿಗೆ ಅಪ್ಪನನ್ನು ಕೊಟ್ಟವನು ಇವನು.
ಅಪ್ಪ ಕಚ್ಚಿ ಉಗಿದ ಪ್ಲಾಸ್ಟಿಕ್ ಮೂಲೆಗಳನ್ನು ಆರಿಸಿ
ಲೆಕ್ಕ ಕಲಿತೆ ಅಂತ ಒಮ್ಮೆ ಟೀ ಹೊತ್ತಲ್ಲಿ ಹೇಳಿದ್ದ.
ಮದುವೆ ಮನೆಯಲ್ಲೂ ಗ್ಲಾಸು ಮುಟ್ಟದವನು.
ಹೆದರಿಕೆಗೆ ಕನ್ನಡ ಸಾಲದೆ ಮನೆಮಾತು ಬಂತು:
'ನೇನು ತಾಗಲೇದಕ್ಕಾ, ನಾ ಬಿಡ್ಡ ಮೀದ ಒಟ್ಟು.'

ಬಗ್ಗಿ ಮೂಸಿದೆ.
ಮಾವು.
ಜನವರಿಯಲ್ಲಿ, ಮರಗಳಿನ್ನೂ ಹೂವಿಗೆ ತಡವರಿಸುವಾಗ,
ಸೊನೆಯಿಲ್ಲದ, ತೊಟ್ಟಿಲ್ಲದ, ಓಟೆಯಿಲ್ಲದ ಮಾವು.
ಮಂಡಿಯಲ್ಲಿ ಆರು ಸುಗ್ಗಿ ತೋತಾಪುರಿ ವಿಂಗಡಿಸಿದ್ದೇನೆ;
ಇದು ಹಣ್ಣನ್ನು ಕಂಡ ವಾಸನೆಯಲ್ಲ.

ಅಂಗೈ ಮರೆಯಲ್ಲೇ ತೆಗೆದು ತೋರಿಸಿದ:
ಲಿಪ್‌ಸ್ಟಿಕ್ಕಿನಷ್ಟುದ್ದ, ಹಸಿರು, ತುದಿಯಲ್ಲೊಂದು ಪುಟ್ಟ ದೀಪ.
ಮಗಳಿಗೆ ಉಬ್ಬಸ. ಬೀಡಿ ಬಿಡಲೆಂದು
ಹೊಸೂರಿನಿಂದ ಯಾರೋ ತಂದುಕೊಟ್ಟದ್ದು.
'ಎಣ್ಣೆ ಅಲ್ಲಕ್ಕಾ, ಎಣ್ಣೆ ಥರದ್ದು. ಆವಿ ಬರತ್ತೆ.'
ವಾಸನೆ ಕರಗಲು ಅದಕ್ಕೆ ಸ್ಪಿರಿಟ್ಟು ಬೆರೆಸುತ್ತಾರಂತೆ.
ಬಸ್ಸಿಳಿದು ನನ್ನ ಮುಂದೆ ನಿಲ್ಲುವಷ್ಟರಲ್ಲಿ
ಎರಡು ಸಲ ಎಳೆದಿದ್ದಾನೆ, ಚಳಿಗೆ.

'ಇದನ್ನೇ ಬರೀರಿ' ಎಂದವನು ನಾಲಿಗೆ ಕಚ್ಚಿಕೊಂಡ.
ನನ್ನ ತಲೆಯ ಮೇಲಿನ ಬೋರ್ಡಿನಲ್ಲಿ, ಬೆಂಕಿಪೆಟ್ಟಿಗೆಯ ಪಕ್ಕ,
ಇದರ ಚಿತ್ರಕ್ಕೂ ಅಡ್ಡಗೆರೆ ಹೊಡೆದಿದೆ.
ಕುಡಿದಿಲ್ಲ ಅನ್ನುವ ಸಾಕ್ಷಿಯೇ ಇನ್ನೊಂದು ಕೇಸು.

ಯಂತ್ರದ ಡಬ್ಬಿಯಲ್ಲಿ ಒಂದು ಮಡಚಿದ ಚೀಟಿ, ಇಂಗ್ಲಿಷಿನದು.
ನೈಟ್ ಡ್ಯೂಟಿಯಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದ್ದೆ:
ಬಾಯಿ ಮುಕ್ಕಳಿಸಿ, ಹದಿನೈದು ನಿಮಿಷ ಬಿಟ್ಟು, ಮತ್ತೆ.
ನನ್ನ ಬಾಟಲಿ ಕೊಟ್ಟು ಕಲ್ಲುಬೆಂಚಿಗೆ ಕೂರಿಸಿದೆ.
ಉಳಿದವರು ಊದಿ ಊದಿ ಒಳಗೆ ಹೋದರು.
ಮುನಿಯಲ್ಲಪ್ಪನೂ ಹೋದ, ಲವಂಗದ ಸಮೇತ, ಸೊನ್ನೆ.

ಆರೂ ಐದು. ರೆಡ್ಡೆಪ್ಪ ಊದಿದ.
ಮೂರು ಸೊನ್ನೆ.
ಪಂಚಿಂಗು ಆರಕ್ಕೇ ಮುಗಿದಿತ್ತು; ಅರ್ಧ ದಿನ ಹೋಯಿತು.

ರಿಜಿಸ್ಟರಿನಲ್ಲಿ ಒಬ್ಬರಿಗೆ ಒಂದೇ ಮನೆ, ಒಂದಂಕಿ ಹಿಡಿಯುವಷ್ಟು.
ಎರಡನೆಯದನ್ನು ಬರೆದೆ.
ಕೈ ನಡುಗಿ ಸೊನ್ನೆ ಮೊಟ್ಟೆಯಾಯಿತು.
ಯಂತ್ರದ ನೆನಪಿನಲ್ಲಿ ಮೊದಲನೆಯದು ಹಾಗೇ ಇದೆ.
ಅದನ್ನು ತೆಗೆದು ನೋಡುವವರು ಒಂಬತ್ತಕ್ಕೆ ಬರುತ್ತಾರೆ,
ಕಾರಿನ ಗಾಜು ಇಳಿಸದೆ, ಊದದೆ.

ಸಂಜೆ ಕೊಡುತ್ತೇನೆಂದು ಆ ಹಸಿರು ಕಡ್ಡಿಯನ್ನು
ಇಸಿದುಕೊಂಡು ಊಟದ ಚೀಲದಲ್ಲಿ ಬಚ್ಚಿಟ್ಟಿದ್ದೆ.
ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಚಿತ್ರಾನ್ನಕ್ಕೆಲ್ಲ ಮಾವು.
ತಿಂದೆ, ಇನ್ನೇನು ಮಾಡಲಿ.
ಆಮೇಲೆ ಗೇಟಿನಲ್ಲಿ ಯಾರೂ ಇಲ್ಲದ್ದು ನೋಡಿಕೊಂಡು
ಹೊಸ ನಳಿಗೆ ಸಿಕ್ಕಿಸಿ
ನಾನೇ ಊದಿದೆ.